ಮಕ್ಕಳ ಕೈಯ ಮಣ್ಣು: ಭಿನ್ನ ಕಲಿಕೆಯ ಮಕ್ಕಳ ಶಾಲೆಯಲ್ಲಿ ಶಿಲ್ಪಕಲೆ



ಶ್ರೀಮಠದ ಆಶ್ರಯದಲ್ಲಿ ನಡೆಯುತ್ತಿರುವ ವಿಶೇಷ ಮಕ್ಕಳ ಶಾಲೆಯನ್ನು ನೋಡಿಹೋದ ಭಕ್ತರಲ್ಲಿ ಹಲವರು ನಮ್ಮನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ವಾರಕ್ಕೆ ನಾಲ್ಕು ದಿನ, ಮಧ್ಯಾಹ್ನದ ಪ್ರಸಾದವಾದ ಮೇಲೆ, ಮಕ್ಕಳು ಹಿಂದಿನ ಪಡಸಾಲೆಯಲ್ಲಿ ಎರಡು ಅವಧಿಗಳ ಕಾಲ ಮಣ್ಣು ಹಿಡಿದು ಕುಳಿತಿರುವುದನ್ನು ಅವರು ಕಂಡಿದ್ದಾರೆ. "ಅಕ್ಷರ ಕಲಸ್ತೀರಂತ ಹುಡುಗನ್ನ ಕಳಿಸಿದ್ರ ಮಣ್ಣಾಗ ಕೂಡ್ರಿಸೀರಲ್ರೀ" ಎಂದು ಹಿರಿಯರೊಬ್ಬರು ನೇರವಾಗಿಯೇ ಅಂದರು. ಅವರ ಮೊಮ್ಮಗನೂ ಆ ಮಕ್ಕಳಲ್ಲಿ ಒಬ್ಬನಾದ್ದರಿಂದ ಆ ಮಾತಿನಲ್ಲಿ ಆಕ್ಷೇಪಕ್ಕಿಂತ ಕಳವಳವೇ ಹೆಚ್ಚಾಗಿತ್ತು. ಅಂದು ನಾವು ಕೊಟ್ಟ ಉತ್ತರ ಅರೆಬರೆಯಾಯಿತು. ಉಳಿದುದನ್ನು ಇಲ್ಲಿ ಹೇಳುತ್ತಿದ್ದೇವೆ. ಇದರಲ್ಲಿ ನಮ್ಮದೇ ಒಂದು ತಪ್ಪಿನ ಒಪ್ಪಿಗೆಯೂ ಸೇರಿದೆ.

ಮೊದಲು ಈ ಮಕ್ಕಳು ಯಾರೆಂಬುದು ಸ್ಪಷ್ಟವಾಗಬೇಕು. ಊರಿನ ಬಾಯಲ್ಲಿ ಇವರೆಲ್ಲರಿಗೂ "ದಡ್ಡ" ಎಂಬ ಒಂದೇ ಹೆಸರು. ಆ ಹೆಸರು ಎಷ್ಟು ತಪ್ಪೋ ಅಷ್ಟೇ ಸೋಮಾರಿತನದ್ದು. ಒಂದು ಮಗುವಿಗೆ ಮಾತು, ನೆನಪು, ವ್ಯವಹಾರಜ್ಞಾನ ಎಲ್ಲವೂ ವಯಸ್ಸಿಗೆ ತಕ್ಕಷ್ಟಿದ್ದು ಅಕ್ಷರ ಮಾತ್ರ ವಶವಾಗುವುದಿಲ್ಲ. ದ, ಧ, ಥಗಳ ನಡುವಣ ಸಣ್ಣ ಸೀಳು, ಸಣ್ಣ ಚುಕ್ಕೆ ಅದರ ಕಣ್ಣಿಗೆ ನಿಲ್ಲುವುದಿಲ್ಲ. ಒತ್ತಕ್ಷರ ಬಂದರಂತೂ ಓದು ಅಲ್ಲಿಗೇ ಕಟ್ಟಿಹೋಗುತ್ತದೆ. ಡಿಸ್ಲೆಕ್ಸಿಯಾ ಮೊದಲಾದ ನಿರ್ದಿಷ್ಟ ಕಲಿಕಾ ನ್ಯೂನತೆಗಳು ಈ ಬಗೆಯವು. ಇನ್ನೊಂದು ಮಗು ಆಟಿಸಂ ಉಳ್ಳದ್ದು. ಸದ್ದು, ಬೆಳಕು, ಸ್ಪರ್ಶಗಳು ಅದನ್ನು ನಮಗಿಂತ ಬೇರೆ ರೀತಿಯಲ್ಲಿ ತಟ್ಟುತ್ತವೆ; ಮಾತು ತಡವಾಗಿ ಬರಬಹುದು, ಬಾರದೆಯೂ ಇರಬಹುದು. ಮತ್ತೊಂದು, ಡೌನ್ ಸಿಂಡ್ರೋಮ್‌ನಂತಹ ಕಾರಣದಿಂದ ಎಲ್ಲವನ್ನೂ ನಿಧಾನವಾಗಿ ಕಲಿಯುವ ಮಗು. ಈ ಮೂವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಒಂದೇ ಪಾಠ ಹೇಳುವುದು, ಮೂರು ಬೇರೆ ರೋಗಿಗಳಿಗೆ ಒಂದೇ ಕಷಾಯ ಕುಡಿಸಿದಂತೆ.

1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿಗೆ ಮಾತ್ರ ಸ್ಥಾನವಿತ್ತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಅದನ್ನು 21ಕ್ಕೆ ವಿಸ್ತರಿಸಿ, ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನೂ ಸೇರಿಸಿಕೊಂಡಿತು. ಪಾಲಕರು ಇದನ್ನು ತಿಳಿದಿರಬೇಕು. ಮಗುವಿಗೆ ಯಾವ ತೊಂದರೆಯಿದೆ ಎಂಬುದನ್ನು ನೆರೆಹೊರೆಯವರಾಗಲಿ ನಾವಾಗಲಿ ನಿರ್ಣಯಿಸುವಂತಿಲ್ಲ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಾಗಲಿ ಬೆಂಗಳೂರಿನ ನಿಮ್ಹಾನ್ಸ್ ಆಗಲಿ ತಪಾಸಣೆ ನಡೆಸುತ್ತವೆ. ಎಲ್ಲಕ್ಕಿಂತ ಮೊದಲು ಕಿವಿ ಮತ್ತು ಕಣ್ಣು ಪರೀಕ್ಷಿಸಬೇಕು. ಈ ಮಾತನ್ನು ಒತ್ತಿ ಹೇಳುವ ಕಾರಣ ಮುಂದೆ ಬರಲಿದೆ.

ಇನ್ನು ಮಣ್ಣಿನ ವಿಚಾರ. ಮಣ್ಣಿನಲ್ಲಿ ಮೂರ್ತಿ ಮಾಡುವುದು ನಮ್ಮ ಸೀಮೆಗೆ ಹೊರಗಿನಿಂದ ಬಂದ ಹೊಸ ಶಿಕ್ಷಣಪದ್ಧತಿಯೇನೂ ಅಲ್ಲ. ಜ್ಯೇಷ್ಠ ಮಾಸದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ. ಕೆರೆಯ ಮಣ್ಣು ತಂದು, ಎತ್ತು ಮಾಡಿ, ಅದರ ಮುಂದೊಂದು ಗೋದಲಿ ಇಟ್ಟು ಪೂಜಿಸುತ್ತೇವೆ. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಾರೆ. ಶ್ರಾವಣದಲ್ಲಿ ಮಣ್ಣಿನ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಜೋಕುಮಾರ. ಮಳೆಗಾಲದುದ್ದಕ್ಕೂ ಮನೆಯ ಮಕ್ಕಳ ಕೈ ಮಣ್ಣಿನಲ್ಲಿ ಆಡುತ್ತಿದ್ದ ಕಾಲವನ್ನು ನಮ್ಮ ತಲೆಮಾರಿನವರೆಲ್ಲ ಕಂಡವರೇ. ಈಗ ಎತ್ತನ್ನು ಸಂತೆಯಲ್ಲಿ ಅಚ್ಚಿನಿಂದ ತೆಗೆದದ್ದು, ಬಣ್ಣ ಬಳಿದದ್ದು, ಕೊಂಡು ತರುತ್ತೇವೆ. ಅನುಕೂಲವೇನೋ ಆಯಿತು, ಮಕ್ಕಳ ಕೈಗಿದ್ದ ಒಂದು ಕೆಲಸ ಹೋಯಿತು.

ಆ ಕೆಲಸದಿಂದ ಭಿನ್ನ ಕಲಿಕೆಯ ಮಗುವಿಗೆ ಏನಾಗುತ್ತದೆ? ನಾವು ಕಂಡದ್ದನ್ನೂ ಬಲ್ಲವರಿಂದ ಕೇಳಿದ್ದನ್ನೂ ಹೇಳುತ್ತೇವೆ. ಕಾಗದ ಮತ್ತು ಪೆನ್ಸಿಲ್ ಮಗುವಿಗೆ ಏನನ್ನೂ ತಿರುಗಿ ಹೇಳುವುದಿಲ್ಲ. ಮಣ್ಣು ಹೇಳುತ್ತದೆ. ಒತ್ತಿದರೆ ಎದುರು ಒತ್ತುತ್ತದೆ, ನೀರು ಹೆಚ್ಚಾದರೆ ಕುಸಿಯುತ್ತದೆ, ಕಡಿಮೆಯಾದರೆ ಬಿರಿಯುತ್ತದೆ. ಬೆರಳು, ಮಣಿಕಟ್ಟು, ಭುಜ ಎಷ್ಟು ಬಲ ಹಾಕುತ್ತಿವೆ ಎಂಬ ಅರಿವು ಕೆಲವು ಮಕ್ಕಳಲ್ಲಿ ಮಸುಕಾಗಿರುತ್ತದೆ; ಮಣ್ಣಿನ ಈ ಎದುರೊತ್ತು ಆ ಅರಿವನ್ನು ಎಚ್ಚರಿಸುತ್ತದೆ. ಎರಡು ಕೈಗಳೂ ಬೇರೆಬೇರೆ ಕೆಲಸವನ್ನು ಒಟ್ಟಿಗೆ ಮಾಡಬೇಕಾಗುತ್ತದೆ: ಒಂದು ಹಿಡಿದಿರಬೇಕು, ಇನ್ನೊಂದು ತೀಡಬೇಕು. ಹಿಂದೆ, ಮುಂದೆ, ಕೆಳಗೆ, ಒಳಗೆ ಎಂಬ ಮಾತುಗಳು ಮಗುವಿಗೆ ಕೈಯಲ್ಲಿ ತಿಳಿಯುತ್ತವೆ. ಮೊದಲು ಕಾಲು ಗಟ್ಟಿಯಾಗದೆ ಮೈ ನಿಲ್ಲದು ಎಂಬ ಅನುಕ್ರಮವನ್ನು ಮೇಷ್ಟರು ಬಾಯಿಬಿಟ್ಟು ಹೇಳಬೇಕಿಲ್ಲ, ಬಿದ್ದ ಎತ್ತೇ ಹೇಳಿಕೊಡುತ್ತದೆ.

ಇದೆಲ್ಲಕ್ಕಿಂತ ದೊಡ್ಡದೆಂದು ನಮಗೆ ತೋರುವ ಸಂಗತಿ ಬೇರೆಯಿದೆ. ಅಕ್ಷರ ಬಾರದ ಮಗುವಿನ ಪಾಟಿಯ ಮೇಲೆ, ಪುಸ್ತಕದ ಮೇಲೆ, ವರುಷಗಟ್ಟಲೆ ಬಿದ್ದಿರುವುದು ತಪ್ಪಿನ ಗುರುತೊಂದೇ. ಕೆಂಪು ಶಾಯಿಯ ಆ ಗೀಟು ಅಳಿಯುವುದಿಲ್ಲ. ಮಣ್ಣಿನಲ್ಲಿ ತಪ್ಪು ಉಳಿಯುವುದಿಲ್ಲ. ಬೇಡವಾದರೆ ಹಿಸುಕಿ ಉಂಡೆ ಮಾಡಿದರಾಯಿತು, ಮೊದಲಿನಷ್ಟೇ ಮಣ್ಣು ಕೈಯಲ್ಲಿರುತ್ತದೆ. ಸೋಲಿಗೆ ಹೆದರಿ ಕೈಚೆಲ್ಲಿ ಕೂತಿದ್ದ ಮಗು ಮೊದಲ ಸಲ ಮತ್ತೆ ಮಾಡಿನೋಡುವುದು ಇಲ್ಲಿ.

ಹಾಗೆಂದು ಮಣ್ಣು ಮದ್ದಲ್ಲ. ಜೇಡಿಮಣ್ಣು ನಾದಿದ್ದರಿಂದ ಡಿಸ್ಲೆಕ್ಸಿಯಾ ಹೋಗುತ್ತದೆ ಎಂದು ಯಾರಾದರೂ ಹೇಳಿ ಹಣ ಕೇಳಿದರೆ ದಯವಿಟ್ಟು ಕೊಡಬೇಡಿ. ಓದು ಬರಬೇಕಾದರೆ ಧ್ವನಿಗೂ ಅಕ್ಷರಕ್ಕೂ ಇರುವ ನಂಟನ್ನು ಕ್ರಮವಾಗಿ, ಬಿಡಿಬಿಡಿಯಾಗಿ, ಮತ್ತೆ ಮತ್ತೆ ಕಲಿಸಲೇಬೇಕು. ನಮ್ಮ ಶಾಲೆಯಲ್ಲಿ ಅದಕ್ಕೆ ಬೆಳಗಿನ ಅವಧಿಗಳು ಮೀಸಲು. ಮಣ್ಣಿನಲ್ಲಿ ಅಕ್ಷರ ಮಾಡಿ ಬೆರಳಾಡಿಸುವುದು ಅದಕ್ಕೊಂದು ಊರುಗೋಲಾದೀತು, ಅಷ್ಟೇ. ಎಲ್ಲ ಮಕ್ಕಳಿಗೂ ಮಣ್ಣು ಹಿಡಿಸುವುದೂ ಇಲ್ಲ. ಆಟಿಸಂ ಇರುವ ಬಾಲಕಿಯೊಬ್ಬಳಿಗೆ ಹಸಿಮಣ್ಣಿನ ಜಿಗುಟು ಸಹಿಸಲಾಗದೆ ಮೈಯೆಲ್ಲ ನಡುಗುತ್ತಿತ್ತು. ಅವಳ ಕೈಯನ್ನು ಬಲವಂತದಿಂದ ಮಣ್ಣಿಗೆ ಹಚ್ಚಲಿಲ್ಲ. ಸ್ವಲ್ಪ ಗಟ್ಟಿಯಾಗಿಸಿದ ಮಣ್ಣು, ಒಂದು ಬಿದಿರಿನ ಕಡ್ಡಿ ಕೊಟ್ಟೆವು. ಈಗಲೂ ಅವಳು ಕಡ್ಡಿಯಿಂದಲೇ ಗೀರುತ್ತಾಳೆ, ಮಣ್ಣು ಮುಟ್ಟುವುದಿಲ್ಲ. ಹಾಗೇ ಇರಲಿ.

ಈಗ ನಮ್ಮ ತಪ್ಪಿನ ವಿಷಯ. ಹಿಂದಿನ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳ ಕೈಕೆಲಸವನ್ನು ಶ್ರೀಮಠದ ಸಭಾಂಗಣದಲ್ಲಿ ಇಡಬೇಕೆಂದು ಗೊತ್ತಾಯಿತು. ಅತಿಥಿಗಳು ಬರುವವರಿದ್ದರು, ದಾನಿಗಳು ಬರುವವರಿದ್ದರು. ಹಿಂದಿನ ಸಂಜೆ ನಾವು ಸಾಲಾಗಿ ಇಟ್ಟ ಎತ್ತುಗಳನ್ನು ನೋಡುತ್ತ ಬಂದೆವು. ಹತ್ತು ವರ್ಷದ ಬಾಲಕನೊಬ್ಬನ ಎತ್ತಿಗೆ ಎಡಗೋಡು ಒಂದೇ ಇತ್ತು. ಬಲಗೋಡಿನ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದ ತಗ್ಗು. ಅವನು ಮಾತು ಕಡಿಮೆಯ ಹುಡುಗ; ಕೇಳಿದ್ದಕ್ಕೆ ಒಂದೆರಡು ಶಬ್ದದಲ್ಲಿ ಉತ್ತರಿಸುವವನು. ನಾವು ಅವನನ್ನು ಕೇಳಲೂ ಇಲ್ಲ. ಕೋಡು ಮುರಿದುಬಿದ್ದಿರಬೇಕೆಂದು ಭಾವಿಸಿ, ಇನ್ನೊಂದನ್ನು ಮಾಡಿ ಹಚ್ಚುವಂತೆ ಮೇಷ್ಟರಿಗೆ ಹೇಳಿದೆವು. ಅವರು ಹಚ್ಚಿದರು, ಬೆನ್ನನ್ನೂ ಒಂದಿಷ್ಟು ತಿದ್ದಿ ನುಣುಪು ಮಾಡಿದರು. ಎತ್ತು ಎತ್ತಿನಂತೆ ಕಂಡಿತು.

ಮರುದಿನ ಬಾಲಕ ಅದನ್ನು ಕಂಡವನೇ ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿಬಿಟ್ಟ. ಅತ್ತಿಲ್ಲ, ಕೂಗಿಲ್ಲ. ಆಮೇಲೆ ಒಂದು ತಿಂಗಳಿಗೂ ಮಿಕ್ಕಿ ಮಣ್ಣು ಮುಟ್ಟಲಿಲ್ಲ. ಅವನ ತಾಯಿ ಬಂದಾಗ ನಾವು ಈ ವಿಷಯ ಹೇಳಿದೆವು, ಹುಡುಗನಿಗೆ ಸಿಟ್ಟು ಬಹಳವೆಂಬ ಧಾಟಿಯಲ್ಲಿಯೇ ಹೇಳಿದೆವೆಂದು ಕಾಣುತ್ತದೆ. ಆ ತಾಯಿ, "ನಮ್ಮ ಎತ್ತಿಗೆ ಬಲಗೋಡು ಇಲ್ಲರೀ ಯಪ್ಪಾ" ಎಂದರು. ಕೋಡಿನೊಳಗೆ ಹುಣ್ಣಾಗಿ, ಪಶುವೈದ್ಯರು ಅದನ್ನು ಬುಡದಿಂದ ಕೊಯ್ದು ತೆಗೆದು ಎರಡು ವರ್ಷವಾಗಿತ್ತಂತೆ. ಹುಡುಗ ದಿನವೂ ಅದರ ಬದಿಗೇ ಇರುತ್ತಾನೆ. ಗಾಯ ಮಾಯುವವರೆಗೆ ನೊಣ ಓಡಿಸಿದವನೂ ಅವನೇ.

ಒಬ್ಬ ಬಾಲಕ ತಾನು ಬಲ್ಲ ಒಂದು ಎತ್ತನ್ನು ಇದ್ದದ್ದು ಇದ್ದಂತೆ ಮಾಡಿದ್ದ. ನಾವು ಅದನ್ನು ಸಂತೆಯ ಎತ್ತನ್ನಾಗಿ ಮಾಡಿದೆವು. ಕಾಯಕವೆಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುವ ನಮಗೆ, ಇನ್ನೊಬ್ಬರ ಕಾಯಕದ ಮೇಲೆ ಕೈಯಿಡಬಾರದೆಂಬುದು ಹೊಳೆಯಲಿಲ್ಲ. ನಮ್ಮನ್ನು ಬಹಳ ದಿನ ಕಾಡಿದ್ದು ಇದು. ಇಂಥ ಶಾಲೆಗಳು ಬೇರೆಡೆ ಹೇಗೆ ನಡೆದಿವೆ ಎಂದು ಹುಡುಕಿ ಓದುವಂತೆ ಮಾಡಿದ್ದೂ ಇದೇ.

ಹಾಗೆ ಓದುವಾಗ ಸಿಕ್ಕಿದ್ದು ಜಪಾನಿನ ಶಿಗಾ ಪ್ರಾಂತದ ಕಥೆ. ಬಿವಾ ಎಂಬ ದೊಡ್ಡ ಸರೋವರದ ಸುತ್ತಲಿನ ಸೀಮೆ ಅದು. ಅಲ್ಲಿಯ ಶಿಗರಾಕಿ ಶತಮಾನಗಳಿಂದ ಕುಂಬಾರಿಕೆಗೆ ಹೆಸರಾದ ಊರು. ಜಪಾನಿನ ಅಂಗಡಿಗಳ ಮುಂದೆ ಕಾಣುವ ತಾನುಕಿ ಎಂಬ ಪ್ರಾಣಿಯ ಮಣ್ಣಿನ ಬೊಂಬೆಗಳು ಹೆಚ್ಚಾಗಿ ಅಲ್ಲಿಯವೇ. ಎರಡನೆಯ ಮಹಾಯುದ್ಧ ಮುಗಿದು ದೇಶ ಹಸಿದಿದ್ದ 1946ರಲ್ಲಿ ಇತೊಗಾ ಕಝುವೊ, ತಮುರಾ ಇಚಿಜಿ, ಇಕೆದಾ ತಾರೊ ಎಂಬ ಮೂವರು ಸೇರಿ ಓಮಿ ಗಾಕುಎನ್ ಎಂಬ ವಸತಿಶಾಲೆಯನ್ನು ತೆರೆದರು. ಯುದ್ಧದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು ಮತ್ತು ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳು ಒಂದೇ ಸೂರಿನಡಿ ಬೆಳೆದರು. ಇತೊಗಾ 1968ರಲ್ಲಿ ತೀರಿಕೊಂಡರು. ಈ ಮಕ್ಕಳಿಗೆ ನಾವು ಕರುಣೆಯಿಂದ ಬೆಳಕು ಹಿಡಿಯಬೇಕಾಗಿಲ್ಲ, ಅವರೇ ಲೋಕಕ್ಕೆ ಬೆಳಕಾಗಬಲ್ಲವರು ಎಂಬುದು ಅವರ ನಿಲುವಾಗಿತ್ತು.

ಅಲ್ಲಿ ಮಣ್ಣಿನ ಕೆಲಸ ಆರಂಭವಾದದ್ದು ಕಲೆಗಾಗಿ ಅಲ್ಲ, ಹೊಟ್ಟೆಪಾಡಿಗಾಗಿ. ಹತ್ತಿರದಲ್ಲಿ ಒಳ್ಳೆಯ ಮಣ್ಣಿತ್ತು, ಕಸುಬು ಬಲ್ಲವರಿದ್ದರು. ಮಕ್ಕಳು ಪಾತ್ರೆಪಡಗ ಮಾಡಲು ಕಲಿತರೆ ನಾಳೆಗೆ ದುಡಿಮೆಯಾಯಿತು ಎಂಬ ಎಣಿಕೆ. ಕೆಲವರು ಹಾಗೆಯೇ ಕಲಿತು ಊರಿನ ಕುಂಬಾರಿಕೆಯ ಕಾರ್ಖಾನೆಗಳಲ್ಲಿ ದುಡಿದರು. ಆದರೆ ಅಚ್ಚಿಗೆ ಒಗ್ಗದ ಮಕ್ಕಳೂ ಇದ್ದರು. ಅವರ ಕೈಯಲ್ಲಿ ಬಟ್ಟಲು ಬಟ್ಟಲಾಗುತ್ತಿರಲಿಲ್ಲ. ಉಂಡೆಗಳಾಗುತ್ತಿದ್ದವು, ಮುಖಗಳಾಗುತ್ತಿದ್ದವು, ಹೆಸರಿಲ್ಲದ ಯಾವುದೋ ಆಗುತ್ತಿತ್ತು. ಓಮಿ ಗಾಕುಎನ್‌ನಿಂದ ಕವಲೊಡೆದ ಸಂಸ್ಥೆಗಳ ಶಿಕ್ಷಕರು ಕ್ರಮೇಣ ಅವನ್ನು ಕೆಟ್ಟ ಬಟ್ಟಲೆಂದು ನೋಡುವುದನ್ನು ಬಿಟ್ಟರು. ಕ್ಯೋಟೋದ ಯಾಗಿ ಕಝುವೊ ಎಂಬ ಪ್ರಸಿದ್ಧ ಕುಂಭಕಲಾವಿದರೂ ಈ ಮಕ್ಕಳ ಕೆಲಸದಲ್ಲಿ ಆಸಕ್ತಿ ವಹಿಸಿದರು. ಅವರು 1948ರಲ್ಲಿ ಗೆಳೆಯರೊಡನೆ ಸೋದೆಇಶಾ ಎಂಬ ಕಲಾವಿದರ ಬಳಗ ಕಟ್ಟಿದವರು. ತಿಗರಿಯ ಮೇಲೆ ತಿರುವಿದ ಮಣ್ಣಿನಿಂದಲೇ, ಆದರೆ ಏನನ್ನೂ ತುಂಬಿಡಲು ಬಾರದಂತಹ ಶಿಲ್ಪವೊಂದನ್ನು 1954ರಲ್ಲಿ ಮಾಡಿ ಹೆಸರಾದವರು. ಮಣ್ಣೆಂದರೆ ಪಾತ್ರೆಯೇ ಆಗಬೇಕಿಲ್ಲ ಎಂದು ತಮ್ಮ ಕೆಲಸದಲ್ಲಿ ಸಾಧಿಸಿ ತೋರಿಸುತ್ತಿದ್ದವರಿಗೆ, ಯಾವ ಸಾಧನೆಯ ಹಂಗೂ ಇಲ್ಲದೆ ಅದನ್ನೇ ಮಾಡುತ್ತಿದ್ದ ಮಕ್ಕಳು ಏನೆನಿಸಿರಬೇಕು!

ಆ ಪರಂಪರೆಯ ಸೀಮೆಯಲ್ಲೇ 1982ರಲ್ಲಿ ಹುಟ್ಟಿದವರು ಸವಾದಾ ಶಿನ್‌ಇಚಿ. ಆಟಿಸಂ ಉಳ್ಳ ಅವರು ಮಾತನಾಡುವುದು ತೀರ ಕಡಿಮೆ. ವಿಕಲಚೇತನರ ಕೇಂದ್ರವೊಂದರಲ್ಲಿ ಬೆಳಗಿನ ಹೊತ್ತು ಬ್ರೆಡ್ ತಯಾರಿಸುವ ಕೆಲಸ, ಮಧ್ಯಾಹ್ನ ಮಣ್ಣಿನ ಕೆಲಸ ಎಂಬಂತೆ ಅವರ ದಿನಚರಿ ಸಾಗಿತ್ತು. ಅವರು ಮಾಡುವುದು ಲೋಕದಲ್ಲಿ ಎಲ್ಲಿಯೂ ಇಲ್ಲದ ಪ್ರಾಣಿಗಳನ್ನು. ಮೈಯನ್ನು ಕಟ್ಟಿ, ಅದರ ಮೇಲೆಲ್ಲ ಚಿಕ್ಕಚಿಕ್ಕ ಮಣ್ಣಿನ ಮುಳ್ಳುಗಳನ್ನು ಒಂದೊಂದಾಗಿ ಹೊಸೆದು ಸಾಲುಸಾಲಾಗಿ ಅಂಟಿಸುತ್ತಾರೆ. ಕಟ್ಟಿಗೆಯ ಆವಿಗೆಯಲ್ಲಿ ಬೆಂದು ಹೊರಬಂದಾಗ ಮುಳ್ಳುಮುಳ್ಳಾದ ಒಂದು ಜೀವಿ ಎದುರಿಗೆ ಕುಳಿತಿರುತ್ತದೆ. 2013ರ ವೆನಿಸ್ ಬಿಯೆನಾಲೆ ಎಂಬ ಜಾಗತಿಕ ಕಲಾಮೇಳದ ಮುಖ್ಯ ಪ್ರದರ್ಶನದಲ್ಲಿ ಅವರ ಈ ಜೀವಿಗಳಿಗೆ ಸ್ಥಾನ ದೊರೆಯಿತು. ಆ ಮುಳ್ಳುಗಳಿಗೆ ಅರ್ಥ ಹೇಳಲು ಬಹಳ ಮಂದಿ ಯತ್ನಿಸಿದ್ದಾರೆ. ನಾವು ಆ ಸಾಹಸಕ್ಕೆ ಹೋಗುವುದಿಲ್ಲ; ಒಂದು ಕೋಡಿನ ವಿಷಯದಲ್ಲೇ ಎಡವಿದವರು ನಾವು.

ನಮ್ಮ ಮಕ್ಕಳೂ ವೆನಿಸ್‌ಗೆ ಹೋಗಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿಲ್ಲ. ಅಲ್ಲಿ ಯಾರೋ ಒಬ್ಬರು ಒಂದೊಂದು ಮುಳ್ಳನ್ನೂ ಅಂಟಿಸಿ ಮುಗಿಯುವವರೆಗೆ ಕಾದರು, "ಸಾಕು, ಇದು ಯಾವ ಪ್ರಾಣಿ?" ಎಂದು ಕೇಳಲಿಲ್ಲ ಎಂಬುದಷ್ಟೇ ನಮಗೆ ಬೇಕಾದ ಪಾಠ.

ಕಾಯುವುದು ಎಂದಾಗ ಅಮೆರಿಕದ ಜೂಡಿತ್ ಸ್ಕಾಟ್ ಅವರನ್ನು ನೆನೆಯದಿರಲಾಗದು. 1943ರಲ್ಲಿ ಅವಳಿಜವಳಿಯಾಗಿ ಹುಟ್ಟಿದ ಅವರಿಗೆ ಡೌನ್ ಸಿಂಡ್ರೋಮ್ ಇತ್ತು. ಕಿವಿಯೂ ಕೇಳುತ್ತಿರಲಿಲ್ಲ, ಆದರೆ ಅದು ಯಾರಿಗೂ ಗೊತ್ತಾಗಿರಲಿಲ್ಲ. ಬಾಯಿಮಾತಿನ ಪ್ರಶ್ನೆಗಳಿಗೆ ಉತ್ತರಿಸದ ಹುಡುಗಿಯನ್ನು ಶಿಕ್ಷಣಕ್ಕೆ ಅನರ್ಹಳೆಂದು ತೀರ್ಮಾನಿಸಿ, ಏಳನೆಯ ವಯಸ್ಸಿಗೆ ಮನೆಯಿಂದ ದೂರದ ಸಂಸ್ಥೆಯೊಂದಕ್ಕೆ ಸೇರಿಸಲಾಯಿತು. ಅಲ್ಲಿಂದ ಮುಂದೆ ಮೂವತ್ತೈದು ವರ್ಷ! ಕಿವಿಯ ಪರೀಕ್ಷೆ ಮೊದಲಾಗಬೇಕೆಂದು ನಾವು ಮೇಲೆ ಒತ್ತಿ ಹೇಳಿದ್ದು ಇದಕ್ಕೇ. ಕೊನೆಗೆ ಅವಳಿ ಸಹೋದರಿ ಜಾಯ್ಸ್ ಅವರನ್ನು ಬಿಡಿಸಿ ತಂದು, 1987ರಲ್ಲಿ ಓಕ್‌ಲ್ಯಾಂಡ್ ನಗರದ ಕ್ರಿಯೇಟಿವ್ ಗ್ರೋತ್ ಎಂಬ ಕಲಾಕೇಂದ್ರಕ್ಕೆ ಸೇರಿಸಿದರು. ಅದು 1974ರಲ್ಲಿ ವಿಕಲಚೇತನರಿಗೆಂದೇ ಆರಂಭವಾದದ್ದು. ಸುಮಾರು ಎರಡು ವರ್ಷ ಜೂಡಿತ್ ಅಲ್ಲಿ ಹೇಳಿಕೊಳ್ಳುವಂಥದ್ದೇನನ್ನೂ ಮಾಡಲಿಲ್ಲ. ಯಾರೂ ಅವರನ್ನು ಹೊರಗೆ ಕಳಿಸಲಿಲ್ಲ. ಆಮೇಲೊಂದು ದಿನ ನೂಲಿನ ತರಗತಿಯಲ್ಲಿ ಕೋಲುಗಳಿಗೆ ನೂಲು, ಬಟ್ಟೆ ಸುತ್ತತೊಡಗಿದರು. ಸಿಕ್ಕ ವಸ್ತುಗಳನ್ನು ಒಳಗಿಟ್ಟು, ಬಣ್ಣಬಣ್ಣದ ನೂಲಿನಿಂದ ಬಿಗಿದು, ಆಳೆತ್ತರದ ಶಿಲ್ಪಗಳನ್ನೂ ಕಟ್ಟಿದರು. 2005ರಲ್ಲಿ ತೀರಿಕೊಳ್ಳುವವರೆಗೂ ಕಟ್ಟುತ್ತಲೇ ಇದ್ದರು. 2014ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂ ಅವುಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. ಎರಡು ವರ್ಷ ಫಲಿತಾಂಶವಿಲ್ಲದ ವಿದ್ಯಾರ್ಥಿಯನ್ನು ನಮ್ಮ ಯಾವ ಶಾಲೆ ಇಟ್ಟುಕೊಂಡೀತು ಎಂದು ನಾವು ನಮ್ಮನ್ನೇ ಕೇಳಿಕೊಂಡಿದ್ದೇವೆ.

ಇಷ್ಟೆಲ್ಲ ತಿಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಮೇಷ್ಟರು ಕೈಕಟ್ಟಿ ಕುಳಿತರೆ ಅದೂ ಶಾಲೆಯಲ್ಲ. ದಪ್ಪ ಮಣ್ಣಿನ ಮುದ್ದೆ ಒಳಗೆ ಹಸಿಯಿದ್ದಾಗ ಆವಿಗೆಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಮೂರ್ತಿ ಸಿಡಿಯುತ್ತದೆ. ಪಕ್ಕದ ಮಗುವಿನದನ್ನೂ ಒಡೆಯುತ್ತದೆ. ಕಾಲನ್ನು ಸುಮ್ಮನೆ ಒತ್ತಿ ಹಚ್ಚಿದರೆ ಒಣಗುವಾಗ ಮಣ್ಣು ಕುಗ್ಗಿ ಕಳಚಿಕೊಳ್ಳುತ್ತದೆ. ವಾರಗಟ್ಟಲೆ ದುಡಿದ ಮಗುವಿಗೆ ಚೂರುಗಳನ್ನು ಕೊಡುವುದು ಯಾವ ಸ್ವಾತಂತ್ರ್ಯ? ಆದ್ದರಿಂದ ನಮ್ಮ ಮೇಷ್ಟರೂ ನಾವೂ ಮಣ್ಣು ತಂದುಕೊಡುವ ಕುಂಬಾರ ಬಂಧುಗಳೂ ಕೂತು ಮಾತಾಡಿ ಒಂದು ಗೆರೆ ಹಾಕಿಕೊಂಡೆವು. ಮಣ್ಣಿನ ಗುಣವನ್ನು ಕಲಿಸುವುದು, ರೂಪವನ್ನು ಕಲಿಸದಿರುವುದು. ಕೂಡಿಸುವ ಎರಡೂ ಕಡೆ ಗೀರು ಹಾಕಿ, ತೆಳ್ಳಗಿನ ಮಣ್ಣಿನ ಬಗ್ಗಡ ಸವರಿ ಒತ್ತುವುದನ್ನು ಎಲ್ಲ ಮಕ್ಕಳಿಗೂ ತೋರಿಸುತ್ತೇವೆ. ದಪ್ಪ ಮೈಯನ್ನು ಅಡಿಯಿಂದ ಕೆತ್ತಿ ಟೊಳ್ಳು ಮಾಡುವುದನ್ನೂ ತೋರಿಸುತ್ತೇವೆ, ಮೇಷ್ಟರ ಬೇರೆ ಮಣ್ಣಿನ ಮೇಲೆ, ಮಗುವಿನ ಮೂರ್ತಿಯ ಮೇಲೆ ಅಲ್ಲ. ಮಗು ಕೇಳಿದರೆ ಹಿಡಿದುಕೊಳ್ಳುತ್ತೇವೆ. ಎಷ್ಟು ಕಾಲು, ಎಷ್ಟು ಕೋಡು, ಅದು ಎತ್ತೋ ಬೆಟ್ಟವೋ ಎಂಬುದು ನಮ್ಮ ವಿಷಯವಲ್ಲ.

ಈ ಗೆರೆ ಬರೆದಷ್ಟು ಸುಲಭವಾಗಿ ನಡೆಯುವುದಿಲ್ಲ. ಬೀಳುತ್ತಿರುವ ಮೂರ್ತಿಯನ್ನು ಕಂಡಾಗ ದೊಡ್ಡವರ ಕೈ ತಾನಾಗಿಯೇ ಮುಂದೆ ಬರುತ್ತದೆ. ಕಳೆದ ವಾರವೂ ನಮ್ಮ ಕೈ ಬಂತು, ಹಿಂದಕ್ಕೆಳೆದುಕೊಂಡೆವು.

ಆ ಬಾಲಕ ಏನಾದ ಎಂದು ಓದುಗರು ಕೇಳುವುದು ಸಹಜ. ಅವನ ಮುಂದೆ ಕುಳಿತು ತಪ್ಪಾಯಿತೆಂದು ಹೇಳಿದೆವು. ಅವನು ನಮ್ಮ ಮುಖ ನೋಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ತಾನೇ ಬಂದು ಮಣ್ಣಿನ ಮುಂದೆ ಕುಳಿತ. ಎತ್ತು ಮಾಡಲಿಲ್ಲ, ಗೋದಲಿ ಮಾಡಿದ. ಮರುವಾರ ಇನ್ನೊಂದು ಗೋದಲಿ. ಈವರೆಗೆ ಹದಿನಾಲ್ಕು ಗೋದಲಿಗಳಾಗಿವೆ, ಎಲ್ಲವೂ ಖಾಲಿ, ಎಲ್ಲವೂ ಆವಿಗೆಯಲ್ಲಿ ಬೆಂದು ಗಟ್ಟಿಯಾಗಿವೆ. ಎತ್ತು ಎಲ್ಲಿ ಎಂದು ಯಾರೂ ಅವನನ್ನು ಕೇಳಬಾರದೆಂದು ಹೇಳಿಟ್ಟಿದ್ದೇವೆ.

ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಮಕ್ಕಳ ಕೆಲಸವನ್ನು ಶಾಲೆಯ ಪಡಸಾಲೆಯಲ್ಲೇ, ಮಕ್ಕಳು ಇಟ್ಟಲ್ಲೇ, ಭಕ್ತರು ನೋಡಬಹುದು. ಮಾರಾಟವಿರುವುದಿಲ್ಲ, ಕೊಡುವುದೂ ಮನೆಗೊಯ್ಯುವುದೂ ಮುರಿಯುವುದೂ ಮಾಡಿದ ಮಗುವಿನ ಇಚ್ಛೆ. ನೆರವಾಗಬಯಸುವವರು ಸಿಹಿಯನ್ನೂ ಆಟಿಕೆಗಳನ್ನೂ ತರುವ ಬದಲು ಮಣ್ಣು ಒಣಗದಂತೆ ಮುಚ್ಚಲು ಹಳೆಯ ನೂಲಿನ ಸೀರೆ, ಗೋಣಿಚೀಲಗಳನ್ನು, ಆವಿಗೆಗೆ ಒಣಕಟ್ಟಿಗೆಯನ್ನು ತಂದುಕೊಟ್ಟರೆ ಉಪಕಾರವಾದೀತು. ಮಕ್ಕಳನ್ನು ಕುರಿತು ಪ್ರಶ್ನೆಗಳಿದ್ದರೆ ಮೇಷ್ಟರನ್ನು ಕೇಳುವ ಮೊದಲು ಮಕ್ಕಳನ್ನೇ ಕೇಳಿ. ಉತ್ತರ ಬರುವುದು ತಡವಾದರೆ ಪಡಸಾಲೆಯ ಕಟ್ಟೆಯ ಮೇಲೆ ಕುಳಿತುಕೊಳ್ಳಲು ಜಾಗವಿದೆ.